ಶ್ರದ್ಧೆಯೂ ಭೂಸಂಪರ್ಕದ ಪರೀಕ್ಷೆಯೂ

ನಂಬಿದ್ದನ್ನು ಪರೀಕ್ಷಿಸುವುದು ನಂಬಿಕೆಗೆ ಬಗೆದ ದ್ರೋಹವೆ, ಅಥವಾ ಅದು ನಂಬಿಕೆಯ ಅಂಗವೇ ಆಗಿದೆಯೆ ಎಂಬ ಪ್ರಶ್ನೆ ಧರ್ಮಜಿಜ್ಞಾಸೆಯಷ್ಟೇ ಹಳೆಯದು. ದೇವತೆಗಳೂ ಋಷಿಗಳೂ ಮನುಷ್ಯನನ್ನು ಪರೀಕ್ಷಿಸಿದ ಕಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಯಮನು ನಚಿಕೇತನ ಮುಂದೆ ಭೋಗಭಾಗ್ಯಗಳ ರಾಶಿಯನ್ನೊಡ್ಡಿದುದೂ, ರಾಘವಾಂಕನ ಕಾವ್ಯದಲ್ಲಿ ವಿಶ್ವಾಮಿತ್ರನು ಹರಿಶ್ಚಂದ್ರನ ಸತ್ಯವನ್ನು ಸ್ಮಶಾನದವರೆಗೆ ಅಟ್ಟಿಸಿಕೊಂಡು ಹೋದುದೂ ಎಲ್ಲರಿಗೂ ತಿಳಿದ ವಿಷಯವೇ. ಆದರೆ ಮನುಷ್ಯನು ತಾನು ಯಾವುದನ್ನು ಆಧಾರವೆಂದು ನಂಬಿ ನಿಂತಿರುವನೋ ಆ ಆಧಾರವನ್ನೇ ಪರೀಕ್ಷಿಸಹೊರಟರೆ, ಶ್ರದ್ಧಾವಂತರು ಅದನ್ನು ಅವಿನಯವೆನ್ನುತ್ತಾರೆ, ಸಂದೇಹವಾದಿಗಳು ಅದನ್ನು ವಿಮೋಚನೆಯೆನ್ನುತ್ತಾರೆ. ಈ ಎರಡು ಪಕ್ಷಗಳ ನಡುವಣ ವ್ಯಾಜ್ಯವನ್ನು ವಿಚಾರಿಸಲು ನಾನು ನೇರವಾಗಿ ಶಾಸ್ತ್ರಗ್ರಂಥಗಳಿಗೆ ಹೋಗದೆ, ಕ್ಯಾಲಿಫೋರ್ನಿಯದ ಡ್ಯಾನ್‌ವಿಲ್ ಎಂಬ ಊರಿನ ಅಂಗಡಿಸಾಲಿಗೆ ಹೋಗುತ್ತೇನೆ. ಏಕೆಂದರೆ ಅಲ್ಲಿನ ವಾಣಿಜ್ಯ ಕಟ್ಟಡಗಳ ವಿದ್ಯುತ್ ಸಂಪರ್ಕಕ್ಕೆ ಇರುವ ಭೂಸಂಪರ್ಕವನ್ನು ಪರೀಕ್ಷಿಸುವ ಕೆಲಸದಲ್ಲಿ ಈ ಪ್ರಶ್ನೆಯು ಮತ್ತೆಲ್ಲಿಯೂ ಕಾಣದಷ್ಟು ಸ್ಪಷ್ಟವಾದ ರೂಪವನ್ನು ತಾಳಿದೆಯೆಂದು ನನಗೆ ತೋರಿದೆ.

ಡ್ಯಾನ್‌ವಿಲ್ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ಸ್ಯಾನ್ ರಮೋನ್ ಕಣಿವೆಯಲ್ಲಿ, 3849 ಅಡಿ ಎತ್ತರದ ಮೌಂಟ್ ಡಯಾಬ್ಲೋ ಪರ್ವತದ ತಪ್ಪಲಿನಲ್ಲಿ. ಅದರ ಹಾರ್ಟ್ಸ್ ಅವೆನ್ಯೂ ಎಂಬ ಹಳೆಯ ಬೀದಿಯಲ್ಲಾಗಲಿ, ಸುತ್ತಣ ಹೊಸ ಮಳಿಗೆಗಳ ಸಂಕೀರ್ಣಗಳಲ್ಲಾಗಲಿ, ಕಾಫಿ ಕುಡಿಯುವವರೂ ಬಟ್ಟೆ ಕೊಳ್ಳುವವರೂ ಎಂದಿಗೂ ಕಾಲಿಡದ ಒಂದು ಸಣ್ಣ ಕೋಣೆಯು ಪ್ರತಿಯೊಂದು ದೊಡ್ಡ ಕಟ್ಟಡದ ಹಿಂಬದಿಯಲ್ಲಿಯೂ ಉಂಟು. ವಿದ್ಯುತ್ ಕಂಪನಿಯ ಟ್ರಾನ್ಸ್‌ಫಾರ್ಮರಿನಿಂದ ಹೊರಟ ಮೂರು ಫೇಸುಗಳೂ ಒಂದು ನ್ಯೂಟ್ರಲ್ಲೂ ಅಲ್ಲಿನ ಮುಖ್ಯ ಸ್ವಿಚ್‌ಬೋರ್ಡನ್ನು ಸೇರುತ್ತವೆ. ಅಲ್ಲಿಯೇ, ಆ ಒಂದೇ ಸ್ಥಳದಲ್ಲಿ, ನ್ಯೂಟ್ರಲ್ಲನ್ನೂ, ಕಟ್ಟಡದ ಪೆಟ್ಟಿಗೆ ಕೊಳವೆ ಯಂತ್ರಗಳ ಲೋಹವನ್ನೆಲ್ಲ ಕೂಡಿಸಿ ತಂದ ಅರ್ತ್ ತಂತಿಯನ್ನೂ ಒಂದು ತಾಮ್ರದ ಪಟ್ಟಿಯು ಬೆಸೆಯುತ್ತದೆ. ಅಲ್ಲಿಂದ ದಪ್ಪನೆಯ ತಂತಿಯೊಂದು ಕೆಳಗಿಳಿದು ನೀರಿನ ಕೊಳವೆಯನ್ನೂ, ತಳಪಾಯದ ಕಾಂಕ್ರೀಟಿನಲ್ಲಿ ಹುದುಗಿದ ಕಬ್ಬಿಣದ ಕಂಬಿಯನ್ನೂ, ಎಂಟಡಿ ಆಳಕ್ಕೆ ಹೊಡೆದ ಕಡ್ಡಿಯನ್ನೂ ಮುಟ್ಟುತ್ತದೆ. ನಮ್ಮ ಲೈನ್‌ಮನ್ನರು ಅರ್ತಿಂಗ್ ಎನ್ನುವುದು ಇದನ್ನೇ. ಕಾಂಕ್ರೀಟಿನೊಳಗಿನ ಕಂಬಿಯೂ ಭೂಸಂಪರ್ಕಕ್ಕೆ ಒದಗುವುದೆಂಬ ತಿಳಿವಳಿಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅರಿಜೋನದ ಒಣನೆಲದ ಮೇಲೆ ಕಟ್ಟಿದ ಬಾಂಬುಗಳ ಉಗ್ರಾಣಗಳನ್ನು ಸಿಡಿಲಿನಿಂದ ಕಾಪಾಡಲು ಹರ್ಬರ್ಟ್ ಉಫರ್ ಎಂಬ ಎಂಜಿನಿಯರು ಮಾಡಿದ ಪ್ರಯೋಗಗಳಿಂದ ಬಂದುದು. ಕಾಂಕ್ರೀಟು ತನ್ನೊಳಗೆ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಸುತ್ತಲಿನ ಮಣ್ಣು ಒಣಗಿದಾಗಲೂ ಅದು ಕೆಲಸಕ್ಕೆ ಬರುತ್ತದೆ.

ಈ ವ್ಯವಸ್ಥೆಯನ್ನು ಕುರಿತು ವಿದ್ಯಾವಂತರಲ್ಲಿಯೂ ಬಳಕೆಯಲ್ಲಿರುವ ಕಲ್ಪನೆಯೇನೆಂದರೆ, ದಾರಿತಪ್ಪಿದ ವಿದ್ಯುತ್ತನ್ನು ಭೂಮಿತಾಯಿಯು ನುಂಗಿಬಿಡುತ್ತಾಳೆಂಬುದು. ಕಲ್ಪನೆ ರಮ್ಯವಾಗಿದೆ, ಆದರೆ ಸತ್ಯವಲ್ಲ. ವಿದ್ಯುತ್ತು ಭೂಮಿಯನ್ನು ಸೇರಲು ಹಾತೊರೆಯುವುದಿಲ್ಲ; ತಾನು ಹೊರಟುಬಂದ ಮೂಲಕ್ಕೆ, ಎಂದರೆ ಟ್ರಾನ್ಸ್‌ಫಾರ್ಮರಿನ ಸುರುಳಿಗೆ, ಮರಳಲು ಇರುವ ಹಾದಿಗಳನ್ನೆಲ್ಲ ಅವುಗಳ ಸೌಕರ್ಯಕ್ಕೆ ತಕ್ಕಂತೆ ಹಿಡಿಯುತ್ತದೆ. 1838ರಲ್ಲಿ ಮ್ಯೂನಿಕ್ಕಿನ ಸ್ಟೈನ್‌ಹೈಲನು ತಂತಿವರ್ತಮಾನದ ಎರಡು ತಂತಿಗಳಲ್ಲಿ ಒಂದನ್ನು ತೆಗೆದುಹಾಕಿ ಭೂಮಿಯನ್ನೇ ಮರಳುವ ಹಾದಿಯಾಗಿ ಬಳಸಿದಾಗಲೂ, ಭೂಮಿಯು ಹಾದಿಯಾಯಿತೇ ಹೊರತು ಗಮ್ಯವಾಗಲಿಲ್ಲ. ಸರಳವಾದ ಗಣಿತವೊಂದರಿಂದ ಇದು ಸಿದ್ಧವಾಗುತ್ತದೆ: ನೆಲದಲ್ಲಿ ಹೂತ ಕಡ್ಡಿಯ ರೋಧವು 25 ಓಮ್ ಇದ್ದು, 120 ವೋಲ್ಟಿನ ತಂತಿಯೊಂದು ಲೋಹದ ಪೆಟ್ಟಿಗೆಗೆ ತಗುಲಿ, ಆ ಕಡ್ಡಿಯೊಂದೇ ಮರಳುವ ಹಾದಿಯಾಗಿದ್ದರೆ, ಹರಿಯುವ ಪ್ರವಾಹವು 4.8 ಆಂಪಿಯರನ್ನು ಮೀರದು. 20 ಆಂಪಿಯರಿನ ಬ್ರೇಕರು ಅಷ್ಟಕ್ಕೆ ಅಲುಗುವುದೂ ಇಲ್ಲ. ಪೆಟ್ಟಿಗೆಯು ಜೀವಂತವಾಗಿಯೇ ಉಳಿದು, ಮುಟ್ಟುವವನಿಗಾಗಿ ಕಾದಿರುತ್ತದೆ. ಸಿಡಿಲಿನ ಹೊಡೆತಕ್ಕೆ ನೆಲದ ಕಡ್ಡಿ ಬೇಕು; ಆದರೆ ಒಳಗಿನ ದೋಷದಿಂದ ಮನುಷ್ಯನನ್ನು ಉಳಿಸುವುದು ಮೂಲಕ್ಕೆ ಅವಿಚ್ಛಿನ್ನವಾಗಿ ಮರಳುವ ಆ ತಾಮ್ರದ ಬೆಸುಗೆ. ಅದು ಗಟ್ಟಿಯಾಗಿದ್ದರೆ ನೂರಾರು ಆಂಪಿಯರು ಒಮ್ಮೆಗೇ ಹರಿದು, ಬ್ರೇಕರು ಕ್ಷಣಮಾತ್ರದಲ್ಲಿ ಬಿದ್ದು, ಅಪಾಯವು ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ.

ಇನ್ನು ಈ ಬೆಸುಗೆಯ ಅತ್ಯಂತ ವಿಲಕ್ಷಣವಾದ ಗುಣವೆಂದರೆ ಅದರ ಮೌನ. ದೀಪದ ತಂತಿ ಕಡಿದರೆ ದೀಪ ಆರುತ್ತದೆ, ಯಜಮಾನನು ಒಡನೆಯೇ ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳುಹಿಸುತ್ತಾನೆ. ಅರ್ತ್ ತಂತಿ ಕಡಿದರೆ ಏನೂ ಆಗುವುದಿಲ್ಲ: ದೀಪಗಳು ಉರಿಯುತ್ತವೆ, ಲಿಫ್ಟು ಏರಿಳಿಯುತ್ತದೆ, ಗಲ್ಲಾಪೆಟ್ಟಿಗೆ ತುಂಬುತ್ತದೆ. ಇಷ್ಟು ವರ್ಷಗಳಲ್ಲಿ ಒಂದು ಅನಾಹುತವೂ ಆಗಿಲ್ಲವಲ್ಲ ಎಂದು ಯಜಮಾನನು ಹೇಳುವ ಮಾತು ಪ್ರಮಾಣವೆಂದು ತೋರಬಹುದು. ನಮ್ಮ ದಾರ್ಶನಿಕರು ಅದನ್ನು ಒಪ್ಪುತ್ತಿರಲಿಲ್ಲ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನು, ಅಭಾವದ ಜ್ಞಾನಕ್ಕೆ ಸಾಧನವಾದ ಆರನೆಯ ಪ್ರಮಾಣವೆಂದು ಅಂಗೀಕರಿಸಿದರಾದರೂ, ಅದಕ್ಕೊಂದು ಕಟ್ಟುಪಾಡನ್ನು ಹಾಕಿದರು: ವಸ್ತುವು ಇದ್ದಿದ್ದರೆ ಕಂಡೇ ಕಾಣಬೇಕಾಗಿದ್ದ ಸನ್ನಿವೇಶದಲ್ಲಿ ಅದು ಕಾಣದೆಹೋದಾಗ ಮಾತ್ರ ಇಲ್ಲವೆನ್ನಬಹುದು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಭೂಸಂಪರ್ಕದ ದೋಷವು ಇರುವುದೇ ಅಂತಹ ಕತ್ತಲೆಯಲ್ಲಿ. ನೈಯಾಯಿಕರ ಮಾನದಂಡವೂ ಇಲ್ಲಿ ತಾನಾಗಿ ಒದಗದು. ನೀರೆಂಬ ತಿಳಿವು ನಿಜವೋ ಮರೀಚಿಕೆಯೋ ಎಂಬುದು ಕುಡಿದು ಬಾಯಾರಿಕೆ ಹಿಂಗಿದಾಗ ಗೊತ್ತಾಗುತ್ತದೆಂದು, ಸಫಲವಾದ ಪ್ರವೃತ್ತಿಯೇ ಜ್ಞಾನದ ಒರೆಗಲ್ಲೆಂದು ಅವರು ಹೇಳಿದರು. ಆದರೆ ದಿನನಿತ್ಯದ ಬದುಕಿನಲ್ಲಿ ಯಾವ ಪ್ರವೃತ್ತಿಯೂ ಇಲ್ಲದ, ಆಪತ್ತಿನ ಒಂದು ಕ್ಷಣಕ್ಕಾಗಿಯೇ ಇರುವ ವಸ್ತುವನ್ನು ಸಾಫಲ್ಯದಿಂದ ಅಳೆಯುವುದೆಂದರೆ ಆಪತ್ತು ಬರಲೆಂದು ಕಾಯುವುದೇ ಆಗುತ್ತದೆ. ಧಾರ್ಮಿಕ ಶ್ರದ್ಧೆಯ ಅವಸ್ಥೆಯೂ ಬಹುಮಟ್ಟಿಗೆ ಇದೇ. ಸುಖದ ದಿನಗಳಲ್ಲಿ ಅದರ ಮೇಲೆ ಯಾವ ಭಾರವೂ ಬೀಳುವುದಿಲ್ಲ. ಇದ್ದವನೂ ಇಲ್ಲದವನೂ ಒಂದೇ ಬಗೆಯಾಗಿ ಬಾಳುತ್ತಾರೆ.

ಆದಕಾರಣ ಪರೀಕ್ಷೆಯನ್ನು ಉದ್ದೇಶಪೂರ್ವಕವಾಗಿಯೇ ಏರ್ಪಡಿಸಬೇಕು. ಅದಕ್ಕೆ ಕಾಲವೂ ಕ್ರಮವೂ ಉಂಟು. ಡ್ಯಾನ್‌ವಿಲ್ಲಿನಲ್ಲಿ ಬೇಸಗೆಯ ತಿಂಗಳುಗಳಲ್ಲಿ ಮಳೆಯೆಂಬುದೇ ಇಲ್ಲವೆನ್ನಬಹುದು. ಸೆಪ್ಟೆಂಬರಿನ ಹೊತ್ತಿಗೆ ಬೆಟ್ಟಗಳು ಹೊಂಬಣ್ಣಕ್ಕೆ ತಿರುಗಿ, ಜೇಡಿಮಣ್ಣು ಬಿರಿದು, ಕಡ್ಡಿಗೂ ನೆಲಕ್ಕೂ ಇರುವ ಸಂಬಂಧ ತೀರ ಸಡಿಲವಾಗಿರುತ್ತದೆ. ಭಾನುವಾರದ ಮುಂಜಾನೆ, ಅಂಗಡಿಗಳ ಬಾಗಿಲು ತೆರೆಯುವುದಕ್ಕೆ ಮುಂಚೆ, ಪರೀಕ್ಷಕನು ಕಟ್ಟಡದ ಮುಖ್ಯ ಸ್ವಿಚ್ಚನ್ನು ಆರಿಸಿಯೇ ಭೂಸಂಪರ್ಕದ ತಂತಿಯನ್ನು ಕಳಚುತ್ತಾನೆ, ಏಕೆಂದರೆ ವಿದ್ಯುತ್ತು ಹರಿಯುತ್ತಿರುವಾಗ ಅದನ್ನು ಬಿಚ್ಚುವವನು ಆ ಎರಡು ತುದಿಗಳ ನಡುವೆ ತಾನೇ ಹಾದಿಯಾಗಬಹುದು. ಆಮೇಲೆ ಬಯಲಿನ ಕಡೆಗೆ ನೇರವಾಗಿ ತಂತಿ ಎಳೆದು, ದೂರದಲ್ಲೊಂದು ಗೂಟವನ್ನೂ, ಆ ದೂರದ ಸುಮಾರು ನೂರಕ್ಕೆ 62ರಷ್ಟು ಅಂತರದಲ್ಲಿ ಇನ್ನೊಂದು ಗೂಟವನ್ನೂ ಸುತ್ತಿಗೆಯಿಂದ ಹೊಡೆದು ಇಳಿಸುತ್ತಾನೆ. ಉಪಕರಣವು ದೂರದ ಗೂಟಕ್ಕೂ ಪರೀಕ್ಷಿತವಾದ ಕಡ್ಡಿಗೂ ನಡುವೆ ಅಲ್ಪವಾದ ಪ್ರವಾಹವನ್ನು ಹರಿಸಿ, ನಡುವಣ ಗೂಟದಿಂದ ವೋಲ್ಟೇಜನ್ನು ಅಳೆದು, ರೋಧವೆಷ್ಟೆಂದು ಹೇಳುತ್ತದೆ. ನೆಲ ಕಲ್ಲಿನಂತಾಗಿದ್ದರೆ ಆ ಎರಡು ಗೂಟಗಳ ಬುಡಕ್ಕೆ ನೀರು ಹೊಯ್ಯಬಹುದು. ಅವುಗಳ ಒಳ್ಳೆಯತನವು ಫಲಿತಾಂಶಕ್ಕೆ ಸೇರುವುದಿಲ್ಲ. ಆದರೆ ಪರೀಕ್ಷಿತವಾದ ಕಡ್ಡಿಯ ಬುಡಕ್ಕೆ ಒಂದು ಹನಿಯನ್ನೂ ಹೊಯ್ಯಕೂಡದು. ನಮ್ಮ 1956ರ ಭಾರತೀಯ ವಿದ್ಯುತ್ ನಿಯಮಗಳು ಸರಬರಾಯಿಗಾರನ ಭೂಸಂಪರ್ಕವನ್ನು ಎರಡು ವರ್ಷಗಳಿಗೊಮ್ಮೆಯಾದರೂ ಒಣಗಾಲದ ಒಣದಿನದಲ್ಲಿಯೇ ಅಳೆಯಬೇಕೆಂದು ವಿಧಿಸಿದುದರ ಔಚಿತ್ಯವು, ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಇದ್ದಿಲು ಉಪ್ಪು ತುಂಬಿದ ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಸುರಿಯುವ ಜಾಣತನವನ್ನು ಬಲ್ಲವರಿಗೆ ಚೆನ್ನಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಎಲ್ಲ ನೆಲವೂ ಒಳ್ಳೆಯ ನೆಲವೇ.

ಗೂಟಗಳ ದೂರದಲ್ಲಿಯೂ ಒಂದು ತತ್ತ್ವವಡಗಿದೆ. ನೆಲದಲ್ಲಿ ಹೂತ ಪ್ರತಿಯೊಂದು ಕಡ್ಡಿಯ ಸುತ್ತಲೂ ಅದರದೇ ಒಂದು ಪ್ರಭಾವವಲಯವಿರುತ್ತದೆ. ಸಾಕ್ಷಿಯಾಗಿ ನಿಲ್ಲಿಸಿದ ಗೂಟಗಳು ಆ ವಲಯದೊಳಗೆ ಸಿಕ್ಕಿದರೆ ಬರುವ ಅಂಕಿಯು ಸುಳ್ಳಾಗುತ್ತದೆ. ಪರೀಕ್ಷಕನು ನಡುವಣ ಗೂಟವನ್ನು ಸ್ವಲ್ಪ ಮುಂದಕ್ಕೂ ಸ್ವಲ್ಪ ಹಿಂದಕ್ಕೂ ಸರಿಸಿ ನೋಡುತ್ತಾನೆ. ಅಂಕಿಗಳು ಒಂದಕ್ಕೊಂದು ಹೊಂದಿದರೆ ಸಾಕ್ಷಿಯು ಸ್ವತಂತ್ರವಾಗಿ ನಿಂತಿದೆಯೆಂದು ತಿಳಿದು ಅಲ್ಲಿಗೆ ನಿಲ್ಲಿಸುತ್ತಾನೆ, ಹೊಂದದಿದ್ದರೆ ಇನ್ನೂ ದೂರ ಹೋಗುತ್ತಾನೆ. ಒಂದು ಮತದ ಮಹಿಮೆಗೆ ಆ ಮತದ ಮಠದಲ್ಲಿಯೇ ಉಂಡು ಬೆಳೆದವರ ಹೊಗಳಿಕೆ ಸಾಕ್ಷಿಯಾಗದೆಂಬುದಕ್ಕೆ ಇದಕ್ಕಿಂತ ಖಚಿತವಾದ ನ್ಯಾಯ ಬೇಕಿಲ್ಲ. ಆದರೆ ಸಾಕ್ಷಿಯನ್ನು ಪರೀಕ್ಷಿಸುವವರಾರು, ಆ ಪರೀಕ್ಷೆಯನ್ನು ಪರೀಕ್ಷಿಸುವವರಾರು ಎಂಬ ಅನವಸ್ಥೆಯು ಇಲ್ಲಿ ತಲೆದೋರುವುದಿಲ್ಲವೆ? ಉಡುಪಿಯ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಇದಕ್ಕೆ ಕೊಟ್ಟ ಉತ್ತರವು ನನಗೆ ಬಹಳ ಸಮಂಜಸವೆನ್ನಿಸುತ್ತದೆ: ಸಂದೇಹ ಹುಟ್ಟಿದ ಕಡೆ ಪರೀಕ್ಷೆ ಬೇಕು, ಆದರೆ ಪರೀಕ್ಷೆಗಳ ಸರಣಿಯು ಆತ್ಮಸ್ವರೂಪವೇ ಆದ ಸಾಕ್ಷಿಯಲ್ಲಿ ಕೊನೆಗಾಣಲೇಬೇಕು, ಇಲ್ಲವಾದರೆ ಯಾವ ಪರೀಕ್ಷೆಯೂ ಮುಗಿಯದು, ಯಾವ ಕಾರ್ಯವೂ ತೊಡಗದು. ಅಂಕಿಗಳು ಹೊಂದಿದಾಗ ಗೂಟವನ್ನು ಕಿತ್ತು ಮನೆಗೆ ಹೋಗುವವನು ತನಗೆ ತಿಳಿಯದೆಯೇ ಈ ಪಕ್ಷವನ್ನು ಅನುಸರಿಸುತ್ತಿದ್ದಾನೆ.

ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಹಾದಿಗಳೂ ಶಾಸನದಲ್ಲಿಯೇ ಉಂಟು. 1897ರಿಂದ ಬೆಳೆದುಬಂದ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯು, ಕ್ಯಾಲಿಫೋರ್ನಿಯವೂ ತನ್ನ ಶಾಸನಕ್ಕೆ ಆಧಾರವಾಗಿಟ್ಟುಕೊಂಡಿರುವಂಥದು, ನೆಲಕ್ಕೆ ಹೊಡೆದ ಒಂಟಿ ಕಡ್ಡಿಯ ರೋಧವು 25 ಓಮಿಗೆ ಮೀರಿಲ್ಲವೆಂದು ತೋರಿಸಬೇಕು, ಇಲ್ಲವೆ ಇನ್ನೊಂದು ಸಹಾಯಕ ಕಡ್ಡಿಯನ್ನು ಜೋಡಿಸಬೇಕು ಎನ್ನುತ್ತದೆ. ಎರಡನೆಯದನ್ನು ಹೊಡೆದಮೇಲೆ ಅಳೆಯುವ ನಿರ್ಬಂಧವಿಲ್ಲ. ಹೀಗಾಗಿ ಅಳೆಯುವ ತೊಂದರೆಗಿಂತ ಹೊಡೆಯುವ ಶ್ರಮವೇ ಅಗ್ಗವೆಂದು ಎರಡು ಕಡ್ಡಿಗಳನ್ನು ಹೊಡೆದು ನಿಶ್ಚಿಂತರಾಗುವವರು ಅನೇಕರು. ಒಂದು ವ್ರತವು ಮನಸ್ಸನ್ನು ತಿದ್ದಿತೆ ಇಲ್ಲವೆ ಎಂದು ನೋಡುವುದರ ಬದಲು ಇನ್ನೊಂದು ವ್ರತವನ್ನು ಹಿಡಿಯುವ ನಮ್ಮ ಪದ್ಧತಿಯನ್ನು ಬಲ್ಲವರು ಈ ಅನುಕೂಲಕ್ಕಾಗಿ ಅಮೆರಿಕದವರನ್ನು ಹಳಿಯಲಾರರು.

ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದುದು. 480 ವೋಲ್ಟಿನ ದೊಡ್ಡ ಕಟ್ಟಡಗಳಲ್ಲಿ ಲೋಹಕ್ಕೆ ತಗುಲಿದ ತಂತಿಯ ಕಿಡಿಯು, ಮುಖ್ಯ ಬ್ರೇಕರನ್ನು ಎಚ್ಚರಿಸುವಷ್ಟು ಪ್ರವಾಹವನ್ನು ಸೆಳೆಯದೆಯೇ, ಇಡೀ ಸ್ವಿಚ್‌ಬೋರ್ಡನ್ನು ಸುಟ್ಟುಹಾಕಬಲ್ಲದೆಂಬುದನ್ನು ಕಂಡು, 1971ರ ಸಂಹಿತೆಯು 1000 ಆಂಪಿಯರು ಮತ್ತು ಅದಕ್ಕೆ ಮೇಲ್ಪಟ್ಟ ಅಂತಹ ಸಂಪರ್ಕಗಳಿಗೆ ಭೂದೋಷರಕ್ಷಣೆಯನ್ನು ಕಡ್ಡಾಯ ಮಾಡಿತು. ಹೊರಟ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿವೆಯೆ ಎಂದು ಲೆಕ್ಕ ನೋಡುತ್ತಿರುವ ಈ ಕಾವಲುಗಾರನನ್ನು ಸ್ಥಾಪಿಸಿದೊಡನೆ ಸ್ಥಳದಲ್ಲಿಯೇ ಪರೀಕ್ಷಿಸಿ ಲಿಖಿತವಾದ ದಾಖಲೆಯನ್ನು ಇಡತಕ್ಕದ್ದೆಂಬ ನಿಯಮವೂ ಉಂಟು. ಆಗ ಪರೀಕ್ಷಕನು ನೋಡುವ ಸಂಗತಿಗಳಲ್ಲಿ ಒಂದು ಇದು: ಮುಖ್ಯ ಬೆಸುಗೆಯ ಆಚೆಗೆ, ಕಟ್ಟಡದ ಯಾವುದೋ ಮೂಲೆಯ ಪೆಟ್ಟಿಗೆಯಲ್ಲಿ, ಯಾರೋ ಒಬ್ಬನು ಒಳ್ಳೆಯದಾಗಲೆಂದೇ ನ್ಯೂಟ್ರಲ್ಲನ್ನು ಮತ್ತೊಮ್ಮೆ ಭೂಸಂಪರ್ಕಕ್ಕೆ ಕೂಡಿಸಿಬಿಟ್ಟಿದ್ದಾನೆಯೆ? ಕೂಡಿಸಿದ್ದರೆ, ಮರಳುವ ಪ್ರವಾಹದ ಒಂದು ಪಾಲು ಕಟ್ಟಡದ ಉಕ್ಕಿನಲ್ಲಿಯೂ ಕೊಳವೆಗಳಲ್ಲಿಯೂ ಸಂಚರಿಸತೊಡಗಿ, ಕಾವಲುಗಾರನ ಲೆಕ್ಕ ತಪ್ಪಿ, ಅವನು ದೋಷವಿಲ್ಲದಾಗ ಕೂಗುತ್ತಾನೆ, ದೋಷವಿದ್ದಾಗ ಮಲಗುತ್ತಾನೆ. ಏಕನಿಷ್ಠೆಯ ವಿಷಯದಲ್ಲಿ ನಮ್ಮ ಶರಣರು ತಾಳಿದ ಕಾಠಿಣ್ಯವು ಕೆಲವರಿಗೆ ಅತಿಯೆಂದು ತೋರಿರಬಹುದು. ಎರಡು ಕಡೆ ನೆಲೆಯೂರಿದ ಬಾಳಿನಲ್ಲಿ ಕೆಟ್ಟುಹೋಗುವುದು ನೆಲೆಗಳಲ್ಲ, ತಪ್ಪನ್ನು ಗುರುತಿಸುವ ಶಕ್ತಿ ಎಂಬುದನ್ನು ನೆನೆದರೆ ಆ ಕಾಠಿಣ್ಯವು ಅರ್ಥವಾಗುತ್ತದೆ.

ಈಗ ಆಕ್ಷೇಪಗಳಿಗೆ ಬರೋಣ. ರಕ್ಷಣೆಯು ದೇವರ ಕೈಯಲ್ಲಿರುವಾಗ ಕಂಬಿ ಕಡ್ಡಿಗಳ ಚಿಂತೆಯೇ ಅವಿಶ್ವಾಸವೆಂಬುದು ಮೊದಲನೆಯದು. ಫ್ರ್ಯಾಂಕ್ಲಿನ್ನನ ಸಿಡಿಲುಗಂಬಿಗಳು ಬಾಸ್ಟನ್ನಿನ ಮನೆಗಳನ್ನೇರಿದ ಕಾಲದಲ್ಲಿ, 1755ರ ಭೂಕಂಪವಾದಾಗ, ಆ ಊರಿನ ಥಾಮಸ್ ಪ್ರಿನ್ಸ್ ಎಂಬ ಪಾದ್ರಿಯು ಆ ಕಂಬಿಗಳು ಆಕಾಶದ ವಿದ್ಯುತ್ತನ್ನು ನೆಲಕ್ಕಿಳಿಸಿದ್ದರಿಂದಲೇ ನೆಲ ನಡುಗಿರಬಹುದೆಂದು ಸೂಚಿಸಿದನು. ಹಾರ್ವರ್ಡಿನ ಜಾನ್ ವಿಂತ್ರಾಪನು ಅದನ್ನು ಖಂಡಿಸಿದನು. ಇಂದು ಆ ಆಕ್ಷೇಪಕ್ಕೆ ಬಲವಿಲ್ಲ. ಆ ಪ್ರದೇಶದ ಕನ್ನಡಿಗರು ಹಬ್ಬಹರಿದಿನಗಳಲ್ಲಿ ಹೋಗುವ ಲಿವರ್‌ಮೋರಿನ ಶಿವ-ವಿಷ್ಣು ದೇವಾಲಯವೂ ಸಾರ್ವಜನಿಕ ಕಟ್ಟಡವೇ; ಮಂಗಳಾರತಿಗೆ ನೆರೆದ ಜನರ ಸುರಕ್ಷತೆಯನ್ನು ಶಿವ ವಿಷ್ಣುಗಳ ಮೇಲೆ ಹೊರಿಸಿ ಅರ್ತಿಂಗನ್ನು ಕೈಬಿಡಬೇಕೆಂದು ಅತ್ಯಂತ ನಿಷ್ಠಾವಂತನಾದ ಭಕ್ತನೂ ಹೇಳಲಾರನು.

ಎರಡನೆಯ ಆಕ್ಷೇಪವು ಗಂಭೀರವಾದುದು, ಅದು ಬರೆಯಲ್ಪಟ್ಟುದೂ ಡ್ಯಾನ್‌ವಿಲ್ಲಿನಲ್ಲಿಯೇ. ಊರಿನ ಪಶ್ಚಿಮದ ಗುಡ್ಡದ ಮೇಲೆ, ನೊಬೆಲ್ ಪಾರಿತೋಷಿಕದ ಹಣದಿಂದ ಕಟ್ಟಿಸಿದ ಟಾವ್ ಹೌಸ್ ಎಂಬ ಮನೆಯಲ್ಲಿ ನಾಟಕಕಾರ ಯೂಜೀನ್ ಓನೀಲನು 1937ರಿಂದ 1944ರವರೆಗೆ ವಾಸಿಸಿದನು. 1939ರಲ್ಲಿ ಅಲ್ಲಿ ಅವನು ‘ದಿ ಐಸ್‌ಮ್ಯಾನ್ ಕಮೆತ್’ ನಾಟಕವನ್ನು ರಚಿಸಿದನು. ನ್ಯೂಯಾರ್ಕಿನ ಕೊಳಕು ಹೆಂಡದಂಗಡಿಯೊಂದರಲ್ಲಿ, ನಾಳೆ ಎದ್ದು ನಿಲ್ಲುತ್ತೇವೆಂಬ ಹುಸಿಗನಸನ್ನೇ ನೆಮ್ಮಿ ಬಿದ್ದಿರುವ ಭಗ್ನಜೀವಿಗಳ ನಡುವೆ, ಹಿಕ್ಕಿ ಎಂಬ ವ್ಯಾಪಾರಿ ಬಂದು, ನಿಮ್ಮ ಕನಸುಗಳನ್ನು ಪರೀಕ್ಷೆಗೊಡ್ಡಿರಿ, ಸುಳ್ಳನ್ನು ಬಿಟ್ಟು ಶಾಂತಿಯನ್ನು ಪಡೆಯಿರಿ ಎಂದು ಬಲವಂತಪಡಿಸುತ್ತಾನೆ. ಅವರು ಬೀದಿಗಿಳಿದು, ಸೋತು, ಹೆಂಡದಲ್ಲಿಯೂ ಸವಿಯಿಲ್ಲದವರಾಗಿ ಹಿಂದಿರುಗುತ್ತಾರೆ. ಪರೀಕ್ಷಿಸಿದವನೇ ತನ್ನ ಹೆಂಡತಿಯನ್ನು ಕೊಂದವನೆಂದು ಕಡೆಗೆ ಹೊರಬೀಳುತ್ತದೆ. ಆಧಾರವು ಸುಳ್ಳೆಂದು ತೋರಿಸಿಕೊಟ್ಟು, ಅದರ ಬದಲಿಗೆ ಏನನ್ನೂ ಕೊಡದವನ ಪರೀಕ್ಷೆಯು ಕೊಲೆಗೆ ಸಮಾನವೆಂಬ ಓನೀಲನ ದರ್ಶನವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಆ ನಾಟಕವು ಖಂಡಿಸುವುದು ಪರೀಕ್ಷೆಯ ಒಂದು ಬಗೆಯನ್ನು. ಭೂಸಂಪರ್ಕವನ್ನು ಅಳೆಯುವವನು ಕಳುಹಿಸುವ ಪ್ರವಾಹವು ಅಲ್ಪವಾದುದು. ಕಟ್ಟಡವನ್ನು ಸುಟ್ಟು ಅದರ ರಕ್ಷಣೆ ದುರ್ಬಲವಾಗಿತ್ತೆಂದು ಅವನು ಸಿದ್ಧಾಂತಪಡಿಸುವುದಿಲ್ಲ. ಕುಂದು ಕಂಡರೆ ಅದನ್ನು ಸರಿಪಡಿಸುವ ಹೊಣೆಯೂ ಆ ಕೆಲಸದ ಭಾಗವೇ. ಶೂನ್ಯಸಂಪಾದನೆಯಲ್ಲಿ ಕಲ್ಯಾಣದ ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕಟುವಾಗಿಯೇ ಪ್ರಶ್ನಿಸುತ್ತಾನೆ. ಆ ಕಾಠಿಣ್ಯದ ಹಿಂದೆ ಅವಳ ನಿಲುವು ಸಭೆಗೆ ತೋರಿಬರಲೆಂಬ ಉದ್ದೇಶವಿದೆ, ತೋರಿಬಂದಮೇಲೆ ತಲೆಬಾಗುವ ಸಿದ್ಧತೆಯಿದೆ. ವಿಶ್ವಾಮಿತ್ರನದು ಪಂತ, ಹಿಕ್ಕಿಯದು ತನ್ನ ಪಾಪಕ್ಕೆ ಜೊತೆಗಾರರನ್ನು ಹುಡುಕುವ ಹಂಬಲ, ಅಲ್ಲಮನದು ಪರೀಕ್ಷೆ.

ಯಾರು ಪರೀಕ್ಷಿಸಬೇಕೆಂಬ ಪ್ರಶ್ನೆಯು ಉಳಿಯಿತು. ಇಂಗ್ಲೆಂಡಿನ ಕ್ಲಿಫರ್ಡನು 1877ರಲ್ಲಿ, ಹಳೆಯ ಹಡಗನ್ನು ಪರೀಕ್ಷಿಸದೆ ದೈವವನ್ನು ನಂಬಿ ಜನರನ್ನು ತುಂಬಿ ಕಳುಹಿಸಿದ ಒಡೆಯನು, ಹಡಗು ಸುಖವಾಗಿ ದಡ ಸೇರಿದರೂ ಅಪರಾಧಿಯೇ ಎಂದು ವಾದಿಸಿ, ಸಾಕಷ್ಟು ಆಧಾರವಿಲ್ಲದೆ ಏನನ್ನೂ ನಂಬುವುದು ಯಾರಿಗೂ ತರವಲ್ಲವೆಂದು ತೀರ್ಮಾನಿಸಿದನು. 1906ರ ಮಹಾಭೂಕಂಪವನ್ನು ಸ್ಟ್ಯಾನ್‌ಫರ್ಡಿನಲ್ಲಿದ್ದುಕೊಂಡೇ ಅನುಭವಿಸಿದ ವಿಲಿಯಂ ಜೇಮ್ಸನು ಅದಕ್ಕೆ ಹತ್ತು ವರ್ಷ ಮೊದಲೇ ಇದಕ್ಕೆ ಪ್ರತಿಯಾಗಿ, ಬುದ್ಧಿಯಿಂದ ತೀರ್ಮಾನಿಸಲಾಗದ ಜೀವನ್ಮರಣದ ಪ್ರಶ್ನೆಗಳಲ್ಲಿ ನಂಬುವ ಹಕ್ಕು ಮನುಷ್ಯನಿಗುಂಟೆಂದು ಸಾಧಿಸಿದ್ದನು. ನನಗೆ ಇಬ್ಬರೂ ತಮ್ಮ ತಮ್ಮ ಮನೆಗಳಲ್ಲಿ ಸರಿಯೆಂದು ತೋರುತ್ತದೆ. ವಿವೇಕವಿರುವುದು ಮನೆಗಳನ್ನು ಬೇರ್ಪಡಿಸುವುದರಲ್ಲಿ. ವಾಣಿಜ್ಯ ಕಟ್ಟಡದ ಯಜಮಾನನ ನಂಬಿಕೆಯ ಫಲವನ್ನು ಅನುಭವಿಸುವವನು ಯಜಮಾನನಲ್ಲ. ಬಾಗಿಲ ಹಿಡಿಯನ್ನು ಮುಟ್ಟುವ ಗಿರಾಕಿ, ಫ್ರಿಜ್ಜನ್ನು ಒರೆಸುವ ಕೂಲಿಯವನು, ತಾಯಿಯ ಕೈ ಬಿಡಿಸಿಕೊಂಡು ಓಡುವ ಮಗು. ಅವರಾರೂ ಅವನ ನಂಬಿಕೆಗೆ ಒಪ್ಪಿಗೆ ಕೊಟ್ಟವರಲ್ಲ. ಅಂತೆಯೇ ಮಠವನ್ನು ನಡೆಸುವವರು, ಮಕ್ಕಳಿಗೆ ಧರ್ಮವನ್ನು ಹೇಳಿಕೊಡುವವರು, ಒಂದು ಸಮಾಜವು ನೆಚ್ಚುವಂತೆ ಉಪದೇಶ ಮಾಡುವವರು, ತಮ್ಮ ಶ್ರದ್ಧೆಯನ್ನು ಒಣಗಾಲದಲ್ಲಿ, ತಮ್ಮ ಪ್ರಭಾವಕ್ಕೆ ಹೊರಗಾದ ಸಾಕ್ಷಿಯನ್ನು ನಿಲ್ಲಿಸಿ, ಯಾರನ್ನೂ ನೋಯಿಸದಷ್ಟು ಮೆಲ್ಲಗೆ, ಆದರೆ ತಪ್ಪದೆ ಪರೀಕ್ಷಿಸಿ, ಕಂಡದ್ದನ್ನು ಬಚ್ಚಿಡದೆ ಬರೆದಿಡಬೇಕಾದವರು. ತಾನೊಬ್ಬನೇ ಒರಗಿಕೊಂಡಿರುವ ನಂಬಿಕೆಯಾದರೋ ಬೇರೆಯ ಮಾತು. ಮಗನನ್ನು ಕಳೆದುಕೊಂಡ ಮುದುಕಿಯು ಅವನು ದೇವರ ಪಾದದಲ್ಲಿದ್ದಾನೆಂದು ನಂಬಿದರೆ, ಅದರ ರೋಧವೆಷ್ಟು ಓಮೆಂದು ಅಳೆಯುವ ಅಧಿಕಾರವು ಜಗತ್ತಿನಲ್ಲಿ ಯಾವ ಪರೀಕ್ಷಕನಿಗೂ ಇಲ್ಲ.